ನಾಯಿ ಉಗುಳುತ್ತದೆಯೇ?

ಓದುಗರ ಪತ್ರ: ರಷ್ಯದ ಶರೀರವಿಜ್ಞಾನಿ ಪಾವ್ಲೋವ್ ಕುರಿತ ಕಳೆದ ಸಂಚಿಕೆಯ ವಿಜ್ಞಾನ ಲೇಖನದಲ್ಲಿ ‘ಮೆಟ್ರೊನೋಮ್ (ತಾಳ ಹಾಕುವ ಯಂತ್ರ) ಸದ್ದು ಕೇಳಿದೊಡನೆ ಪಾವ್ಲೋವ್ ಸಾಕಿದ ನಾಯಿಗಳು ಉಗುಳುತ್ತಿದ್ದವು’ ಎಂದಿದೆ. ನಾಯಿ ಜೊಲ್ಲು ಸುರಿಸುವುದನ್ನು ಕಂಡಿದ್ದೇನೆ, ಉಗುಳುವುದನ್ನು ಕಂಡಿಲ್ಲ. ನನ್ನ ನಿಘಂಟಿನಲ್ಲಿ ಇಂಗ್ಲಿಷಿನ ‘ಸಲೈವ’ಕ್ಕೂ ‘ಸ್ಪಿಟ್‌’ಗೂ ‘ಉಗುಳು’ ಎಂದೇ ಇದೆ. ಎರಡೂ ಒಂದೆಯೇ?

ಸಂಪಾದಕರ ಉತ್ತರ: ಮಾನ್ಯರೇ, ಲೇಖಕರು ‘ಲಾಲಾರಸ ಸ್ರವಿಸುತ್ತಿತ್ತು’ ಎಂದು ಸರಿಯಾಗಿಯೇ ಬರೆದಿದ್ದರು. ತಿಳಿಗನ್ನಡದ ಹುರುಪಿನಲ್ಲಿ ಅದನ್ನು ತಿದ್ದಿ ಕೆಡಿಸಿದವನು ನಾನು. ಆ ದಿನ ನನ್ನ ಮೇಜಿನ ಮೇಲಿದ್ದ ನಿಘಂಟೂ ನಿಮ್ಮದರಂಥದ್ದೇ.

ವಸ್ತು ಒಂದೇ ಹೌದು. ಅದನ್ನು ನೋಡುವ ಬಗೆ ಬೇರೆ. ಸಲೈವ ಎಂಬುದು ದೇಹ ತಾನಾಗಿ ಒಸರುವ ದ್ರವದ ಹೆಸರು. ಮೂರು ಜೊತೆ ದೊಡ್ಡ ಗ್ರಂಥಿಗಳೂ ನೂರಾರು ಪುಟ್ಟ ಗ್ರಂಥಿಗಳೂ ಸೇರಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಅದನ್ನು ತಯಾರಿಸುತ್ತವೆ. ಅದರಲ್ಲಿ ಶೇ. 99ರಷ್ಟು ನೀರೇ, ಉಳಿದ ಚೂರುಪಾರಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಕೂಡ ಇದೆ. ನಾವು ಅದನ್ನು ಗಮನಿಸದೆಯೇ ನುಂಗುತ್ತಿರುತ್ತೇವೆ.

ಸ್ಪಿಟ್ ಮೊದಲಿಗೆ ಕ್ರಿಯಾಪದ, ನಮ್ಮ ‘ಉಗುಳು’ವಿನ ಹಾಗೆ. ನಾಮಪದವಾಗಿ ಬಳಸಿದಾಗಲೂ ಅದರ ಬೆನ್ನಿಗೆ ತುಟಿ ಮುಂದೆ ಮಾಡಿದ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಸಲೈವದಿಂದ ಹುಟ್ಟಿದ ಕ್ರಿಯಾಪದ ‘ಸ್ಯಾಲಿವೇಟ್’. ಅದು ಯಾರೂ ಬೇಕೆಂದು ಮಾಡುವ ಕೆಲಸವಲ್ಲ, ಬಾಯಲ್ಲಿ ನೀರೂರುವುದು. ಒಂದರಲ್ಲಿ ಇಚ್ಛೆ ಇದೆ, ಇನ್ನೊಂದರಲ್ಲಿ ಇಲ್ಲ. ಊಟದ ಜೊತೆ ಕೇಳಿ ರೂಢಿಯಾದ ಸದ್ದೊಂದಕ್ಕೇ ನಾಯಿಯ ಲಾಲಾರಸ ತಾನಾಗಿ ಒಸರುತ್ತದೆ ಎಂದು ತೋರಿಸಿದ ಪಾವ್ಲೋವ್ ಪ್ರಯೋಗದ ಜೀವಾಳವೇ ಈ ಇಚ್ಛೆಯಿಲ್ಲದಿರುವಿಕೆ. ನಾಯಿಗಳಿಂದ ಉಗುಳಿಸಿ ನಾನು ಕಳೆದದ್ದು ಅದನ್ನೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1955ರಲ್ಲಿ ಒಂದು ಕಲ್ಪನೆಯನ್ನು ಮುಂದಿಟ್ಟರು. ಬಾಯಲ್ಲಿರುವುದನ್ನು ನುಂಗಿ, ಏನೂ ಅನ್ನಿಸುವುದಿಲ್ಲ. ಅದನ್ನೇ ಲೋಟಕ್ಕೆ ಉಗುಳಿ ಕುಡಿಯುವುದನ್ನು ಊಹಿಸಿಕೊಳ್ಳಿ, ಹೊಟ್ಟೆ ತೊಳಸುತ್ತದೆ. ದ್ರವದಲ್ಲಿ ಏನೂ ಬದಲಾಗಿಲ್ಲ, ತುಟಿ ದಾಟಿದೆ ಅಷ್ಟೇ. ಸಲೈವ ಸ್ಪಿಟ್ ಆಗುವುದು ಆ ಗಡಿಯಲ್ಲಿ ಎಂದು ನಾನು ಓದಿಕೊಳ್ಳುತ್ತೇನೆ.

ಗಡಿ ಬಿಗಿಯಾಗಿಲ್ಲ ಎನ್ನುವುದನ್ನೂ ಒಪ್ಪಬೇಕು. ಮಾತಿನ ಇಂಗ್ಲಿಷಿನಲ್ಲಿ ಬಾಯೊಳಗಿರುವುದನ್ನೂ ಸ್ಪಿಟ್ ಎನ್ನುವುದುಂಟು. ನಾವೂ ಹೆದರಿದಾಗ ‘ಉಗುಳು ನುಂಗಿಕೊಂಡ’ ಎನ್ನುತ್ತೇವೆ. ಉಗುಳದೇ ಇದ್ದದ್ದು ಉಗುಳು ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ. ಬೆರಳಿಗೆ ಹಚ್ಚಿ ಪುಟ ತಿರುವಿದರೆ ಅದೇ ದ್ರವ ನಮಗೆ ಎಂಜಲು. ಈ ಎಂಜಲಿಗೆ ಸರಿಹೊಂದುವ ಒಂದೇ ಪದ ಇಂಗ್ಲಿಷಿನಲ್ಲಿ ನನಗಂತೂ ಸಿಕ್ಕಿಲ್ಲ.

ಪದಗಳ ಅಂತಸ್ತೂ ಬೇರೆ. ಸಲೈವ ಲ್ಯಾಟಿನ್ ಮೂಲದ್ದು, ಸ್ಪಿಟ್ ಹಳೆಯ ಇಂಗ್ಲಿಷಿನ ಮನೆಮಾತು. ಇಂಗ್ಲಿಷಿನ ವೈದ್ಯರು ಲ್ಯಾಟಿನ್ನಿಗೆ ಕೈಚಾಚಿದಂತೆ ನಾವು ಸಂಸ್ಕೃತದಿಂದ ಲಾಲಾರಸವನ್ನು ತಂದುಕೊಂಡೆವು. ನನಗೆ ಆ ಪದದ ಮೇಲೆ ವಿಶೇಷ ಪ್ರೀತಿಯಿಲ್ಲ. ಜೊಲ್ಲು ಇನ್ನೂ ಚೆನ್ನ. ಆದರೆ ಜೊಲ್ಲು ಬಾಯಿಂದ ಇಳಿದು ಸುರಿಯುವಂಥದ್ದು, ಇಂಗ್ಲಿಷಿನ ‘ಡ್ರೂಲ್’. ಬಾಯೊಳಗೇ ಉಳಿದದ್ದಕ್ಕೆ ಅದು ಪೂರ್ತಿ ಹೊಂದುವುದಿಲ್ಲ. ‘ಸ್ಪಿಟಲ್’ ಎಂಬ ಇನ್ನೊಂದಿದೆ, ಉಗುಳಿದ್ದಕ್ಕೆ ಹಳಬರು ಬಳಸುತ್ತಿದ್ದ ಹೆಸರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಸಿಗುತ್ತದೆ.

ಇವೆಲ್ಲಕ್ಕಿಂತ ಜಾಗ್ರತೆ ಬೇಕಾದದ್ದು ‘ಸ್ಪ್ಯೂಟಮ್‌’ಗೆ. ಲ್ಯಾಟಿನ್ನಿನಲ್ಲಿ ಅದಕ್ಕೂ ಉಗುಳಿದ್ದು ಎಂದೇ ಅರ್ಥ. ವೈದ್ಯರ ಬಾಯಲ್ಲಿ ಮಾತ್ರ ಅದು ಶ್ವಾಸಕೋಶದಿಂದ ಕೆಮ್ಮಿ ತೆಗೆದ ಕಫ. ಕ್ಷಯದ ಪರೀಕ್ಷೆಗೆ ಬೇಕಾದದ್ದು ಈ ಕಫ. ಅನುವಾದಕರು ‘ಡಬ್ಬಿಗೆ ಉಗುಳಿ ಕೊಡಿ’ ಎಂದು ಬರೆದರೆ ರೋಗಿ ಬರಿಯ ಲಾಲಾರಸ ಕೊಟ್ಟು ಹೋಗಬಹುದು, ರೋಗ ಪತ್ತೆಯಾಗದೇ ಉಳಿಯಬಹುದು. ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ ಎಂದೇ ಬರೆಯಬೇಕು.

ಇನ್ನು ನಮ್ಮ ತಿದ್ದುಪಡಿ. ‘ನಾಯಿಗಳ ಬಾಯಲ್ಲಿ ನೀರೂರುತ್ತಿತ್ತು’ ಎಂದು ಹಾಕಲು ಹೊರಟಿದ್ದೆ, ಲೇಖಕರು ತಡೆದರು. ಅಳತೆಗೆಂದು ಪಾವ್ಲೋವ್ ನಾಯಿಗಳ ಲಾಲಾಗ್ರಂಥಿಯ ನಾಳವನ್ನು ಶಸ್ತ್ರಕ್ರಿಯೆಯಿಂದ ಕೆನ್ನೆಯ ಹೊರಕ್ಕೆ ತಂದಿದ್ದರಂತೆ. ದ್ರವ ಬೀಳುತ್ತಿದ್ದದ್ದು ಬಾಯಿಗಲ್ಲ, ಕೊಳವೆಗೆ. ಹಾಗಾಗಿ ಲೇಖಕರ ಮೂಲ ವಾಕ್ಯವನ್ನೇ, ಲಾಲಾರಸದ ಸಮೇತ, ಈ ಸಂಚಿಕೆಯಲ್ಲಿ ಅಚ್ಚು ಹಾಕಿದ್ದೇವೆ.