ನೋಟಿಸ್ ಕೈಗೆ ಬರುವ ಮುನ್ನ ಪೆಟ್ಟಿಗೆ ಕಟ್ಟಬೇಡಿ

ಕ್ಯಾಲಿಫೋರ್ನಿಯಾದಿಂದ ಓದುಗರೊಬ್ಬರು ಬರೆದಿದ್ದಾರೆ. ಅವರ ತಾಯಿ ಮೂರು ವರ್ಷಗಳಿಂದ ಅಲ್ಲಿನ ಅಸಿಸ್ಟೆಡ್ ಲಿವಿಂಗ್ ಕೇಂದ್ರವೊಂದರಲ್ಲಿ, ಎಂದರೆ ದಿನನಿತ್ಯದ ಕೆಲಸಗಳಿಗೆ ನೆರವು ಕೊಡುವ ಹಿರಿಯರ ವಸತಿಯಲ್ಲಿ ಇದ್ದಾರೆ. ಈಚೆಗೆ ಮರೆವು ಹೆಚ್ಚಿದೆ. 'ಇನ್ನು ನಮ್ಮಿಂದಾಗದು, ಹತ್ತು ದಿನದೊಳಗೆ ಕರೆದುಕೊಂಡು ಹೋಗಿ' ಎಂದು ಕೇಂದ್ರದವರು ಫೋನಿನಲ್ಲಿ ಹೇಳಿದ್ದಾರಂತೆ. 'ಹೀಗೆ ಹೊರಹಾಕಲು ಬರುತ್ತದೆಯೇ?' ಎಂಬುದು ಪ್ರಶ್ನೆ.

ಬರುವುದಿಲ್ಲ. ಫೋನಿನಲ್ಲಿ ಹೇಳಿದ ಗಡುವಿಗೆ ಕಾನೂನಿನ ಬಲವಿಲ್ಲ.

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿನಂತೆ ಸಣ್ಣ ಆಸ್ಪತ್ರೆಯಲ್ಲ, ದೀರ್ಘಕಾಲ ಶುಶ್ರೂಷೆ ಕೊಡುವ ವಸತಿ. ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಗಳ ಹಣ ಪಡೆಯುವ ಅಂಥ ವಸತಿಗಳಿಗೆ 1987ರ ಒಕ್ಕೂಟ ಕಾನೂನಿನ ಅಂಕುಶವಿದೆ. ಅಸಿಸ್ಟೆಡ್ ಲಿವಿಂಗ್ ಆ ಕಾನೂನಿನ ಹೊರಗಿದೆ. ಅದಕ್ಕೆ ಆಯಾ ರಾಜ್ಯದ ನಿಯಮವೇ ಆಧಾರ. ಬೇರೆ ರಾಜ್ಯದ ಸ್ನೇಹಿತರು ಹೇಳಿದ್ದನ್ನು ನಂಬಿ ಕೈಚೆಲ್ಲಬೇಡಿ.

ಕ್ಯಾಲಿಫೋರ್ನಿಯಾದ ನಿಯಮ ನಿಮ್ಮ ಕಡೆಗಿದೆ. ಹೊರಹಾಕಬೇಕಾದರೆ 30 ದಿನಗಳ ಲಿಖಿತ ನೋಟಿಸ್ ಬೇಕು. ಕೇಂದ್ರವನ್ನೇ ಮುಚ್ಚುವುದಾದರೆ 60 ದಿನ. ಮೂರೇ ದಿನಗಳ ನೋಟಿಸ್ ಕೊಡಬೇಕಾದರೆ ಪರವಾನಗಿ ಇಲಾಖೆಯ ಒಪ್ಪಿಗೆ ಮೊದಲೇ ಪಡೆದಿರಬೇಕು. ಶುಲ್ಕ ಬಾಕಿ, ನಿಯಮಭಂಗ, ಅಗತ್ಯಗಳು ಬದಲಾಗಿರುವುದು ಹೀಗೆ ಕಾರಣಗಳೂ ಎಣಿಸಿದಷ್ಟೇ. ನಿಮ್ಮ ವಿಷಯದಲ್ಲಿ ಅವರು ಹಿಡಿಯುವುದು ಕೊನೆಯದನ್ನು. ಹಾಗಿದ್ದರೆ ತಾಯಿಯ ಸ್ಥಿತಿಯನ್ನು ಹೊಸದಾಗಿ ಪರಿಶೀಲಿಸಿದ ವರದಿ ಎಲ್ಲಿ ಎಂದು ಕೇಳಿ. ಏನು ನಡೆಯಿತು, ಯಾವಾಗ, ಎಲ್ಲಿ, ಕಂಡವರು ಯಾರು ಎಂಬುದೂ ನೋಟಿಸಿನಲ್ಲಿ ಇರಲೇಬೇಕು. 'ಮರೆವು ಹೆಚ್ಚಿದೆ' ಎಂಬ ಒಂದು ಸಾಲು ಸಾಲದು.

ಇನ್ನೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ನೋಟಿಸಿನ ಅವಧಿ ಮುಗಿದ ಮಾತ್ರಕ್ಕೆ ಯಾರೂ ನಿಮ್ಮ ತಾಯಿಯ ಸಾಮಾನನ್ನು ಹೊರಗಿಡುವಂತಿಲ್ಲ. ಅವರು ಅಲ್ಲೇ ಉಳಿದರೆ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿ, ನ್ಯಾಯಾಧೀಶರ ಸಹಿಯಿರುವ ತೀರ್ಪು ತರಬೇಕು. ಇದನ್ನು ನೋಟಿಸಿನಲ್ಲೇ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಹೆಚ್ಚಿನ ಕುಟುಂಬಗಳು ಅಲ್ಲಿಯವರೆಗೆ ಕಾಯುವುದೇ ಇಲ್ಲ, ಫೋನ್ ಬಂದ ವಾರವೇ ಕೋಣೆ ಖಾಲಿ ಮಾಡಿಬಿಡುತ್ತವೆ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ನಿಮ್ಮ ಪತ್ರದಲ್ಲಿ ಒಂದು ಸಾಲು ಇತ್ತು: ಎಲ್ಲ ಬಾಗಿಲುಗಳೂ ಒಂದೇ ಬಣ್ಣದವಾದ್ದರಿಂದ ತಾಯಿ ತಮ್ಮ ಕೋಣೆಯನ್ನು ಗುರುತಿಸುವುದು ಬಾಗಿಲಿಗೆ ಅಂಟಿಸಿದ ಮದುವೆಯ ಫೋಟೊದಿಂದ, ರಾತ್ರಿ ಬೆರಳಿನಿಂದ ಅದರ ಅಂಚು ಸವರಿ ಒಳಗೆ ಹೋಗುತ್ತಾರೆ ಎಂದು. ಹೊಸ ಜಾಗದಲ್ಲಿ ಆ ಬೆರಳಿಗೆ ಮತ್ತೆ ಎಲ್ಲವನ್ನೂ ಕಲಿಸಬೇಕು, ಅದೂ ಕಲಿಯುವ ಶಕ್ತಿಯೇ ಕುಂದಿರುವಾಗ. ಈ ಮೂವತ್ತು ದಿನಗಳಿಗೆ ಅಷ್ಟು ಬೆಲೆಯಿರುವುದು ಇದಕ್ಕೇ.

ಈಗ ಮಾಡಬೇಕಾದದ್ದು: 'ಲಿಖಿತವಾಗಿ ಕೊಡಿ' ಎಂದು ಇಂದೇ ಒಂದು ಇಮೇಲ್ ಕಳುಹಿಸಿ. ಬಿಟ್ಟುಹೋಗಲು ಒಪ್ಪಿದ್ದೇವೆ ಎಂಬ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಿವಾಸಿಗಳ ದೂರು ಕೇಳಿ ಅವರ ಪರ ನಿಲ್ಲುವ, ದೀರ್ಘಕಾಲದ ಆರೈಕೆಯ ಒಂಬುಡ್ಸ್‌ಮನ್‌ಗೆ ಕರೆ ಮಾಡಿ. ಈ ವ್ಯವಸ್ಥೆ ಪ್ರತಿ ರಾಜ್ಯದಲ್ಲೂ ಇದೆ, ಹಣ ಕೊಡಬೇಕಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಹೆಸರನ್ನು ಹೊರಗೆಡಹುವುದಿಲ್ಲ. ಜೊತೆಗೆ ಪರವಾನಗಿ ಇಲಾಖೆಗೂ ದೂರು ಕೊಡಿ. ತಿಂಗಳ ಶುಲ್ಕವನ್ನು ಮಾತ್ರ ಒಂದು ದಿನವೂ ತಡಮಾಡಬೇಡಿ. ಅಲ್ಲಿ ಎಡವಿದರೆ ನೀವೇ ಅವರ ಕೈಗೆ ಕಾರಣ ಕೊಟ್ಟಂತಾಗುತ್ತದೆ.

ನೋಟಿಸ್ ಬಂದರೆ ಅದರ ಪ್ರತಿಯನ್ನು ನಮಗೂ ಕಳುಹಿಸಿ. ಕೂತು ಓದುತ್ತೇನೆ.

— ಸಂಪಾದಕ