‘ಸಿದ್ಧರಾಗಿರಿ’ ಅಂದರೆ ಪ್ರಾರ್ಥನೆ ಮಾಡುತ್ತಾ ಕಾದು ಕೂರುವುದಾ?

ನೀವು ಕೇಳಿದ್ದು ಇಷ್ಟು: ಕ್ರೈಸ್ತರ ಬದುಕು ಪರಲೋಕದ ಕಡೆಗಿನ ಯಾತ್ರೆ, ಯೇಸು ಯಾವಾಗ ಬೇಕಾದರೂ ಬರಬಹುದು, ಸಿದ್ಧರಾಗಿರಬೇಕು. ಹಾಗಿದ್ದ ಮೇಲೆ ರೋಗಿಗಳನ್ನು ನೋಡಿಕೊಳ್ಳುವುದು, ಹಸಿದವರಿಗೆ ಊಟ ಹಾಕುವುದು, ಇದಕ್ಕೆಲ್ಲ ಯಾಕೆ ಇಷ್ಟು ಸಮಯ ಕೊಡಬೇಕು? ಪ್ರಾರ್ಥನೆ ಮಾಡಿಕೊಂಡಿದ್ದರೆ ಸಾಲದಾ?

ನಾನು ಪಾದ್ರಿಯಲ್ಲ, ಸುಮ್ನೆ ಸಭೆಗೆ (ಚರ್ಚಿಗೆ) ಹೋಗಿ ಬರುವವನು. ನನ್ನ ಪ್ರಕಾರ ಸಾಲದು. ಬೈಬಲ್ ಇವೆರಡನ್ನೂ ಬೇರೆ ಬೇರೆ ಕೆಲಸ ಅಂತ ನೋಡುವುದೇ ಇಲ್ಲ.

ಲೂಕನ ಸುವಾರ್ತೆಯ 12ನೇ ಅಧ್ಯಾಯ ತೆಗೆದು ನೋಡಿ. ಯೇಸು ಹೇಳುವ ಕಥೆಯಲ್ಲಿ ಯಜಮಾನ ಮದುವೆ ಊಟಕ್ಕೆ ಹೋಗಿದ್ದಾನೆ, ಯಾವ ಹೊತ್ತಿಗೆ ವಾಪಸ್ ಬರುತ್ತಾನೋ ಗೊತ್ತಿಲ್ಲ. ಆಳುಗಳು ನಡು ಕಟ್ಟಿಕೊಂಡು, ದೀಪ ಹಚ್ಚಿಟ್ಟುಕೊಂಡು ಎಚ್ಚರವಾಗಿರಬೇಕು. ಇಲ್ಲಿವರೆಗೆ ಪ್ರಸಂಗಗಳಲ್ಲಿ ಕೇಳಿಯೇ ಇರುತ್ತೀರಿ. ಮುಂದಿನ ಮಾತು ನೋಡಿ. ಬಂದ ಯಜಮಾನ ತಾನೇ ನಡು ಕಟ್ಟಿಕೊಂಡು, ಆಳುಗಳನ್ನು ಊಟಕ್ಕೆ ಕೂರಿಸಿ, ಅವರಿಗೆ ಬಡಿಸುತ್ತಾನೆ! ಯಾವ ಯಜಮಾನ ಹೀಗೆ ಮಾಡುತ್ತಾನೆ ಹೇಳಿ?

ಯೋಹಾನನ 13ನೇ ಅಧ್ಯಾಯದಲ್ಲಿ ಯೇಸು ಹಾಗೇ ಮಾಡಿ ತೋರಿಸಿದರು. ಊಟದಿಂದ ಎದ್ದು, ಮೇಲುಬಟ್ಟೆ ತೆಗೆದಿಟ್ಟು, ಟವೆಲ್ ಸೊಂಟಕ್ಕೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತಗೊಂಡು ಶಿಷ್ಯರ ಕಾಲು ತೊಳೆದರು. ತಮ್ಮನ್ನು ಹಿಡಿದುಕೊಡಲಿದ್ದ ಯೂದನ ಕಾಲನ್ನೂ ಬಿಡಲಿಲ್ಲ. ಅವನು ಎದ್ದು ಹೊರಗೆ ಹೋಗಿದ್ದು ಆಮೇಲೆ. ನನ್ನನ್ನು ಜಾಸ್ತಿ ಕಾಡುವುದು ಇದೇ. ನಾವು ಸೇವೆ ಮಾಡುವಾಗಲೂ ನಮಗೆ ಹಿಡಿಸಿದವರನ್ನೇ ಆರಿಸಿಕೊಳ್ಳುತ್ತೇವೆ, ಅಲ್ವಾ?

ಇನ್ನು ಯಾತ್ರೆಯ ವಿಷಯ. ಗುಲಾಮರಾಗಿದ್ದ ಐಗುಪ್ತ (ಈಜಿಪ್ಟ್) ಬಿಡುವ ರಾತ್ರಿ ಇಸ್ರಾಯೇಲ್ಯರು ಪಸ್ಕದ ಊಟ, ಅಂದರೆ ಬಿಡುಗಡೆಯ ಹಬ್ಬದ ಊಟ, ಮಾಡಬೇಕಾಗಿದ್ದೂ ನಡು ಕಟ್ಟಿಕೊಂಡೇ. ಕಾಲಲ್ಲಿ ಕೆರ, ಕೈಯಲ್ಲಿ ಕೋಲು. ದಾರಿ ಹಿಡಿಯುವವನು, ಕಾಯುವವನು, ಬಡಿಸುವವನು, ಮೂವರೂ ನಿಲ್ಲುವುದು ಒಂದೇ ರೀತಿ.

ಯೇಸು ಬರುವ ದಿನದ ಲೆಕ್ಕ ಹಾಕುತ್ತಾ ಕೂರುವವರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಅದು ತಂದೆಗೆ ಮಾತ್ರ ಗೊತ್ತು ಅಂತ ಮತ್ತಾಯ 24ರಲ್ಲಿ ನೇರವಾಗಿಯೇ ಇದೆ. ಥೆಸಲೊನೀಕ ಎಂಬ ಊರಿನ ಆದಿ ಸಭೆಯಲ್ಲಿ ಕೆಲವರು ದುಡಿಯದೆ ಸುಮ್ಮನೆ ಅಲೆಯುತ್ತಿದ್ದರು. ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡದಿರಲಿ ಅಂತ ಅಪೊಸ್ತಲ ಪೌಲ ಅವರಿಗೆ ಖಾರವಾಗಿಯೇ ಬರೆದ.

ಹಾಗಂತ ಪ್ರಾರ್ಥನೆ ಬೇಡ ಅಂತಲ್ಲ. ಮತ್ತಾಯ 25ರಲ್ಲಿ ದೀಪ ಹಿಡಿದು ಮದಲಿಂಗನಿಗಾಗಿ ಕಾಯುವ ಹತ್ತು ಮಂದಿ ಕನ್ಯೆಯರ ಕಥೆ ಬರುತ್ತದಲ್ಲ, ಅಲ್ಲಿ ಮದಲಿಂಗ ತಡಮಾಡಿದಾಗ ಹತ್ತೂ ಮಂದಿ ನಿದ್ದೆ ಹೋದರು, ಬುದ್ಧಿವಂತೆಯರೂ ಸೇರಿ. ವ್ಯತ್ಯಾಸ ಇದ್ದದ್ದು ದೀಪದ ಎಣ್ಣೆಯಲ್ಲಿ, ಬುದ್ಧಿವಂತೆಯರು ಮಾತ್ರ ಅದನ್ನು ಜೊತೆಗೆ ತಂದಿದ್ದರು. ಅದನ್ನು ಪಕ್ಕದವರ ಹತ್ತಿರ ಕೇಳಿ ಪಡೆಯುವ ಹಾಗಿರಲಿಲ್ಲ. ನನಗೆ ಆ ಎಣ್ಣೆ ಪ್ರಾರ್ಥನೆಯ ಹಾಗೆ ಕಾಣುತ್ತದೆ. ಹಗಲೂ ರಾತ್ರಿ ಸೇವೆ ಮಾಡಿ, ಕೊನೆಗೆ ಯಾರ ಜೊತೆ ಮಾತಾಡಿದರೂ ಸಿಡುಕುವವರನ್ನು ನಾನು ನೋಡಿದ್ದೇನೆ. ದೇವರ ಮುಂದೆ ಸುಮ್ಮನೆ ಕೂತು ಎಷ್ಟು ದಿನವಾಗಿರುತ್ತದೋ ಪಾಪ.

ಆ ಅಧ್ಯಾಯವನ್ನು ಒಂದೇ ಸಲಕ್ಕೆ ಕೊನೆವರೆಗೂ ಓದಿ. ಕನ್ಯೆಯರಿಂದ ಶುರುವಾಗಿ, ತಲಾಂತುಗಳ (ಯಜಮಾನ ಆಳುಗಳಿಗೆ ಒಪ್ಪಿಸಿ ಹೋದ ಹಣದ) ಕಥೆಯನ್ನು ದಾಟಿ, ಹಸಿದವರು, ರೋಗಿಗಳು, ಜೈಲಿನಲ್ಲಿರುವವರ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ತೀರ್ಪಿನ ದಿನ ‘ನಾನು ಹಸಿದಿದ್ದಾಗ ಊಟ ಕೊಟ್ಟಿರಿ’ ಅಂತ ಯೇಸು ಹೇಳಿದಾಗ, ಬಲಗಡೆ ನಿಂತವರೇ, ಅಂದರೆ ಮೆಚ್ಚುಗೆ ಪಡೆದವರೇ, ‘ಸ್ವಾಮೀ, ನಿನಗೆ ನಾವು ಯಾವಾಗ ಊಟ ಕೊಟ್ಟೆವು?’ ಅಂತ ಆಶ್ಚರ್ಯಪಡುತ್ತಾರೆ. ತಾವು ಸಿದ್ಧರಾಗುತ್ತಿದ್ದೇವೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.