ಎರಡು ಚುನಾವಣೆಗೂ ಒಂದೇ ಪಕ್ಷವೇ?

ಮನೆಯವರೆಲ್ಲ ವಿಧಾನಸಭೆಗೂ ಲೋಕಸಭೆಗೂ ಒಂದೇ ಪಕ್ಷಕ್ಕೆ ಹಾಕುತ್ತಾರೆ, ನಾನು ಬೇರೆ ಬೇರೆ ಹಾಕಿದರೆ ತಪ್ಪೇ ಎಂದು ಕೇಳಿದ್ದೀರಿ. ತಪ್ಪೇನಿಲ್ಲ. ನಮ್ಮ ಮಂಡ್ಯದವರೇ ಹಾಗೆ ಮಾಡಿ ತೋರಿಸಿದ್ದಾರೆ. 2018ರಲ್ಲಿ ಜಿಲ್ಲೆಯ ಏಳೂ ವಿಧಾನಸಭಾ ಕ್ಷೇತ್ರಗಳನ್ನು ಜೆಡಿಎಸ್‌ಗೆ ಕೊಟ್ಟ ಜನ ಮರುವರ್ಷ ಲೋಕಸಭೆಗೆ ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು ಗೆಲ್ಲಿಸಿದರು. 2023ರಲ್ಲಿ ಏಳರಲ್ಲಿ ಐದು ಕಾಂಗ್ರೆಸ್‌ಗೆ ಹೋದವು, 2024ರಲ್ಲಿ ಸಂಸತ್ತಿಗೆ ಹೋದವರು ಜೆಡಿಎಸ್‌ನ ಕುಮಾರಸ್ವಾಮಿ.

ನಾನು ಕಬ್ಬನ್ನು ಮುಂದಿಟ್ಟುಕೊಂಡು ಯೋಚಿಸುತ್ತೇನೆ. ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್‌ಆರ್‌ಪಿ, ನಿಗದಿ ಮಾಡುವುದು ಕೇಂದ್ರ. ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ನಡೆಸುವುದು, ವಿಶ್ವೇಶ್ವರಯ್ಯ ನಾಲೆಯ ಹೂಳು ತೆಗೆಸುವುದು ರಾಜ್ಯದ ಕೆಲಸ. ಕಾವೇರಿ ನೀರಿನ ವಿಷಯ ಮಾತ್ರ ಇಬ್ಬರಿಗೂ ಅಂಟಿಕೊಂಡಿದೆ: ಎಷ್ಟು ಬಿಡಬೇಕೆಂದು ಹೇಳುವ ಜಲ ನಿರ್ವಹಣಾ ಪ್ರಾಧಿಕಾರವನ್ನು ರಚಿಸಿದ್ದು ಕೇಂದ್ರ, ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯ ಗೇಟು ಎತ್ತುವವರು ಇಲ್ಲಿಯವರು. ಹೀಗಾಗಿ ಯಾರನ್ನು ಏನು ಕೇಳಬೇಕೆಂಬುದನ್ನು ಮೊದಲು ವಿಂಗಡಿಸಿಕೊಳ್ಳಿ. ನಾಲೆಯ ಕೊನೆಯ ಗದ್ದೆಗೆ ನೀರು ಯಾವಾಗ ಎಂದು ಲೋಕಸಭಾ ಅಭ್ಯರ್ಥಿಯೊಬ್ಬರನ್ನು ನಮ್ಮ ಬೀದಿಯಲ್ಲಿ ಕೇಳಿದ್ದೆವು. ಕೈಮುಗಿದು ಪಕ್ಕದ ಮನೆಗೆ ನಡೆದರು!

ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರವನ್ನೂ ಚುನಾವಣಾ ಆಯೋಗದ ಜಾಲತಾಣದಲ್ಲಿ ಓದಿ. ಆಸ್ತಿ, ಸಾಲ, ಮೊಕದ್ದಮೆ ಎಲ್ಲವೂ ಅದರಲ್ಲಿರುತ್ತದೆ. ‘ನಮ್ಮವರು’ ಎನ್ನುವ ಮಾತಿಗಿಂತ ಆ ಕಾಗದ ಮೇಲು.

ಮನೆಯವರ ಭಯ ಬೇಡ. ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿ ಏಳು ಸೆಕೆಂಡು ನಿಮಗೆ ಮಾತ್ರ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಅಪ್ಪ ಕೇಳಿದರೆ ಶಾಯಿ ಹಚ್ಚಿದ ಬೆರಳು ತೋರಿಸಿ ಊಟಕ್ಕೆ ಕುಳಿತುಕೊಳ್ಳಿ.